ಕಟಿಂಗ್‌ಗೆ ಐದು ಸ್ಟಾರ್, ಗೋಡೆ ಮೇಲಿನ ಬೋರ್ಡಿಗೆ ಒಂದು ಕಟ್

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಬರೆಯುವುದಿಲ್ಲ. ಅಂಗಡಿ ಅಣ್ಣನೇ ಬೇಡ ಅಂದರು. "ನೀವು ಬರೀತೀರಿ ಸಾರ್, ಅದರ ಕೆಳಗೆ ಯಾರೋ ಏನೋ ಬರೀತಾರೆ, ಅದನ್ನ ಓದ್ಕೊಂಡು ಇನ್ಯಾರೋ ಬಂದು ನನ್ನ ಕೊರಳಪಟ್ಟಿ ಹಿಡೀತಾರೆ" ಅಂದರು. ನಗುತ್ತಲೇ ಹೇಳಿದರು, ಆದರೆ ಪೂರ್ತಿ ತಮಾಷೆಗೆ ಹೇಳಿದ್ದಲ್ಲ. ತಿಪಟೂರು, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ, ಎರಡು ಕುರ್ಚಿ, ಒಂದು ಉದ್ದದ ಬೆಂಚು, ಎದುರುಬದುರು ಕನ್ನಡಿ. ಊರಿನವರಿಗೆ ಇಷ್ಟು ಸಾಕು.

ಕೆಲಸದ ಬಗ್ಗೆ ಮೊದಲು. ಕಟಿಂಗ್ 120, ಶೇವಿಂಗ್ 60, ಎರಡೂ ಸೇರಿದರೆ 170. ಬೆಂಗಳೂರಿನಲ್ಲಿ ನಾನು ಇದಕ್ಕೆ ಎರಡು ಪಟ್ಟು ಕೊಡುತ್ತೇನೆ, ಅಲ್ಲಿ ಹುಡುಗರು ತಲೆ ತುಂಬ ಮಿಷನ್ ಓಡಿಸಿ ಹತ್ತು ನಿಮಿಷಕ್ಕೆ ಎಬ್ಬಿಸಿ ಕಳಿಸುತ್ತಾರೆ. ಇಲ್ಲಿ ಕತ್ತರಿ ಮತ್ತು ಬಾಚಣಿಗೆ. ಕಿವಿಯ ಹಿಂದೆ ಮತ್ತು ಕತ್ತಿನ ಕೆಳಗೆ ಮಾತ್ರ ಮಿಷನ್. ನನ್ನ ನೆತ್ತಿಯಲ್ಲಿ ಎರಡು ಸುಳಿ ಇದೆ (ಎರಡು ಮದುವೆ ಆಗುತ್ತದೆ ಅಂತ ಅಜ್ಜಿ ಹೆದರಿಸುತ್ತಿದ್ದರು, ಸದ್ಯಕ್ಕೆ ಒಂದೇ ಆಗಿದೆ). ಆ ಸುಳಿಗಳ ಹತ್ತಿರ ಕೂದಲು ಎದ್ದು ನಿಲ್ಲದ ಹಾಗೆ ಕತ್ತರಿಸುವುದು ಎಲ್ಲರಿಗೂ ಬರುವುದಿಲ್ಲ. ಇವರಿಗೆ ಬರುತ್ತದೆ. ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ನಮ್ಮ ಕಣ್ಣೆದುರೇ ಕಾಗದ ಬಿಚ್ಚಿ ಹಾಕುತ್ತಾರೆ. ಶೇವಿಂಗ್ ಆದಮೇಲೆ ಪಟಿಕ ಉಜ್ಜುತ್ತಾರೆ. ಕೊನೆಯಲ್ಲಿ ತಲೆಗೆ ಎರಡು ನಿಮಿಷ ತಟ್ಟುವ ಆ ಮಸಾಜಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಕಾಯುವುದು ಮಾತ್ರ ಜಾಸ್ತಿ. ಭಾನುವಾರ ಹೋದರೆ ಒಂದು ಗಂಟೆ ಬೆಂಚಿನ ಮೇಲೆ ಕೂರಬೇಕು. ಯಾರ ಕಡೆಯವರು ಬಂದರೂ ಸರದಿ ಸರದಿಯೇ.

ಈಗ ಬೋರ್ಡು. ಕನ್ನಡಿಯ ಮೇಲೆ, ದೇವರ ಫೋಟೋ ಪಕ್ಕ, ಹಳದಿ ತಗಡಿನ ಮೇಲೆ ಕೆಂಪು ಅಕ್ಷರ: "ದಯವಿಟ್ಟು ಇಲ್ಲಿ ರಾಜಕೀಯ ಮಾತನಾಡಬೇಡಿ." ಇದು ಹೊಸ ಸಂಗತಿ ಏನಲ್ಲ, ನಮ್ಮ ಕಡೆ ಎಷ್ಟೋ ಹೋಟೆಲು, ಟೀ ಅಂಗಡಿಗಳಲ್ಲಿ ನೀವೂ ನೋಡಿರುತ್ತೀರಿ. ಅದರ ಕೆಳಗೆ "ಇಂದು ನಗದು, ನಾಳೆ ಸಾಲ" ಅನ್ನುವ ಇನ್ನೊಂದು ಬೋರ್ಡು. ಸಾಲದ ಬೋರ್ಡನ್ನು ಯಾರೂ ಕೇಳುವುದಿಲ್ಲವಂತೆ, ರಾಜಕೀಯದ ಬೋರ್ಡನ್ನು ಎಲ್ಲರೂ ಕೇಳುತ್ತಾರಂತೆ. "ಉಲ್ಟಾ ಆಗಿದ್ರೆ ಚೆನ್ನಾಗಿತ್ತು" ಅಂತ ಅಣ್ಣ.

ಈ ಬೋರ್ಡು ಬಂದಿದ್ದು 2023ರಲ್ಲಿ. ಮೇ 13, ಶನಿವಾರ, ವಿಧಾನಸಭೆ ಚುನಾವಣೆಯ ರಿಸಲ್ಟ್ ದಿನ. ಆಗ ಅಂಗಡಿಯಲ್ಲಿ ಟಿವಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಯಾರು ಗೆದ್ದರು ಅನ್ನುವುದು ಗೊತ್ತಾಗಿತ್ತು. ಕುರ್ಚಿಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು, ತಲೆ ಅರ್ಧ ಆಗಿದೆ. ಬೆಂಚಿನ ಮೇಲೆ ಕೊಬ್ಬರಿ ಮಂಡಿಯ ಯಜಮಾನರೊಬ್ಬರು. ಯಾರು ಯಾವ ಪಕ್ಷ ಅಂತ ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಪಕ್ಷ ಹಿಡಿಯುತ್ತೀರಿ, ನಾನೂ ಹಾಗೇ ಮಾಡುತ್ತಿದ್ದೆ. ಯಜಮಾನರು ಟಿವಿ ನೋಡುತ್ತಾ, "ಈಗೇನ್ ಹೇಳ್ತೀರಾ ಮೇಷ್ಟ್ರೇ?" ಅಂದರು. ಅಷ್ಟೇ. ನಗುತ್ತಲೇ ಅಂದರಂತೆ. ಮೇಷ್ಟ್ರು ತಿರುಗಿ ನೋಡುವ ಹಾಗಿಲ್ಲ, ಕತ್ತಿನ ಹತ್ತಿರ ಕತ್ತರಿ ಇದೆ, ಕನ್ನಡಿಯಲ್ಲೇ ಅವರ ಮುಖ ನೋಡಿಕೊಂಡು, "ನಿಮ್ಮಂಥವರು ಇರೋದಕ್ಕೇ ದೇಶ ಹಿಂಗಿರೋದು" ಅಂದರು.

"ನಿಮ್ಮಂಥವರು ಅಂದ್ರೆ?"

ಇಲ್ಲಿಂದ ಮುಂದಿನದು ಬರೆಯಲು ಯೋಗ್ಯವಲ್ಲ. ಮೇಷ್ಟ್ರು ಹೊದಿಸಿದ ಬಟ್ಟೆ ಕಿತ್ತು ಎಸೆದು ಅರ್ಧ ತಲೆಯಲ್ಲೇ ಎದ್ದು ಹೋದರು. ಉಳಿದರ್ಧ ಬೇರೆ ಅಂಗಡಿಯಲ್ಲಿ ಮಾಡಿಸಿಕೊಂಡರಂತೆ. ಎರಡು ಕೈ, ಎರಡು ಕತ್ತರಿ, ಒಂದು ತಿಂಗಳು ಅವರ ತಲೆಯಲ್ಲಿ ಎಡ ಬಲ ಒಂದಕ್ಕೊಂದು ಹೊಂದಲೇ ಇಲ್ಲ ಅಂತ ಅಂಗಡಿಯಲ್ಲಿ ಈಗಲೂ ನಗುತ್ತಾರೆ. ಆದರೆ ಇದು ಗೊತ್ತಿರಲಿ: ಇಬ್ಬರದೂ 30 ವರ್ಷದ ಪರಿಚಯ. ಯಜಮಾನರ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ಇದೇ ಮೇಷ್ಟ್ರು. ಮೇಷ್ಟ್ರ ಮನೆ ಗೃಹಪ್ರವೇಶಕ್ಕೆ ತೆಂಗಿನಕಾಯಿ ಬಂದಿದ್ದು ಯಜಮಾನರ ತೋಟದಿಂದ.

ನಾನು ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದವನು. ಅದರಿಂದ ಕೆಲಸವೇನೂ ಸಿಗಲಿಲ್ಲ, ಈ ಥರದ ಜಗಳ ಕೇಳಿದಾಗ ನಿದ್ದೆ ಕೆಡುವುದು ಮಾತ್ರ ಅಭ್ಯಾಸವಾಯಿತು. ಈ ಜಗಳದಲ್ಲಿ ನನ್ನನ್ನು ಹಿಡಿದಿದ್ದು ಆ ಒಂದು ಪದ. "ನೀವು" ಅಂದಾಗ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. ಅವನ ಹೆಸರು, ಮನೆ, ಅವನ ಮಗಳ ಮದುವೆ ಎಲ್ಲ ಗೊತ್ತಿರುತ್ತದೆ. "ನಿಮ್ಮೋರು" ಅಂದಾಗ ಅವನ ಹಿಂದೆ ಒಂದು ಗುಂಪು ಬಂದು ನಿಲ್ಲುತ್ತದೆ. "ನಿಮ್ಮಂಥವರು" ಅನ್ನುವಷ್ಟರಲ್ಲಿ ಆ ಮನುಷ್ಯನೇ ಮಾಯ, ಗುಂಪು ಮಾತ್ರ ಉಳಿಯುತ್ತದೆ. ಆ ಮೇಲೆ ಮೇಷ್ಟ್ರು ಜಗಳ ಆಡಿದ್ದು ತೆಂಗಿನಕಾಯಿ ಕೊಟ್ಟ ಯಜಮಾನರ ಜೊತೆ ಅಲ್ಲ. ಟಿವಿಯಲ್ಲಿ ಪಟಾಕಿ ಹೊಡೆಯುತ್ತಿದ್ದವರ ಜೊತೆ.

ಈ ಗುಂಪು ಕಟ್ಟಿಕೊಳ್ಳುವುದು ಎಷ್ಟು ಸುಲಭ ಅಂತ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್ಫೆಲ್ ಅನ್ನುವವರು ಶಾಲೆ ಹುಡುಗರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಈತ ಪೋಲೆಂಡಿನ ಯಹೂದಿ. ಯುದ್ಧದಲ್ಲಿ ಸೆರೆಯಾಗಿ ಬದುಕಿ ಬಂದರು, ಮನೆಯವರನ್ನು ನಾಜಿಗಳು ಕೊಂದಿದ್ದರು. ಮನುಷ್ಯ ಯಾಕೆ ಹೀಗೆ ಅನ್ನುವುದು ಅವರಿಗೆ ಬರೀ ಪಾಠದ ಪ್ರಶ್ನೆ ಆಗಿರಲಿಲ್ಲ. 14-15 ವರ್ಷದ ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್ಸ್ಕಿ ಅನ್ನುವ ಇಬ್ಬರು ಕಲಾವಿದರ ಚಿತ್ರ ತೋರಿಸಿ, ಒಬ್ಬೊಬ್ಬನಿಗೂ ಬೇರೆಬೇರೆಯಾಗಿ, ನಿನಗೆ ಇದು ಇಷ್ಟ, ನೀನು ಈ ಗುಂಪು ಅಂದುಬಿಟ್ಟರು. ನಿಜದಲ್ಲಿ ಹಂಚಿದ್ದು ಇಷ್ಟ ನೋಡಿ ಅಲ್ಲ, ಸುಮ್ನೆ ಸಿಕ್ಕ ಹಾಗೆ. ತನ್ನ ಗುಂಪು ಯಾವುದು ಅನ್ನುವುದು ಬಿಟ್ಟರೆ, ಉಳಿದವರು ಯಾರು ಯಾವ ಗುಂಪಿನಲ್ಲಿ ಇದ್ದಾರೆ ಅಂತ ಹುಡುಗರಿಗೆ ಗೊತ್ತೂ ಇರಲಿಲ್ಲ. ಆಮೇಲೆ ದುಡ್ಡಾಗಿ ಬದಲಾಗುವ ಅಂಕ ಹಂಚಲು ಹೇಳಿದರು. ಹುಡುಗರು ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು, ಅದು ಬಿಡಿ, ಅದು ನಿರೀಕ್ಷೆ ಮಾಡಬಹುದಾದದ್ದೇ. ಬೆಚ್ಚಿ ಬೀಳಿಸುವ ಸಂಗತಿ ಬೇರೆ. ತಮ್ಮ ಗುಂಪಿಗೆ ಸಿಗುವುದು ಕಡಿಮೆಯಾದರೂ ಸರಿ, ಎದುರು ಗುಂಪಿಗೆ ಇನ್ನೂ ಕಡಿಮೆ ಸಿಗಲಿ ಅನ್ನುವ ಕಡೆಗೆ ಅವರು ವಾಲಿದ್ದರು. ತನ್ನ ಒಂದು ಕಣ್ಣು ಹೋದರೂ ಚಿಂತೆಯಿಲ್ಲ, ಪಕ್ಕದವನ ಎರಡೂ ಹೋಗಲಿ ಅನ್ನುವ ನಮ್ಮ ಹಳೇ ಕಥೆ ಇದೆಯಲ್ಲ, ಅದೇ.

ಇದನ್ನು ಅಣ್ಣನಿಗೆ ಹೇಳಿದೆ. "ಚಿತ್ರ ತೋರಿಸೋದು ಯಾಕೆ ಸಾರ್, ತುಮಕೂರು ಎಂಪಿ ಎಲೆಕ್ಷನ್ ತೋರಿಸಿದ್ರೆ ಸಾಕಿತ್ತು" ಅಂದರು.

ಅವರ ಮಾತು ಎಷ್ಟು ಸರಿ ನೋಡಿ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿ. ತುಮಕೂರು ಕ್ಷೇತ್ರ ಜೆಡಿಎಸ್ ಪಾಲಿಗೆ ಹೋಯಿತು, ದೇವೇಗೌಡರೇ ಬಂದು ನಿಂತರು, ಬಿಜೆಪಿಯ ಜಿ.ಎಸ್. ಬಸವರಾಜು ಎದುರು 13 ಸಾವಿರ ಚಿಲ್ಲರೆ ಮತದಲ್ಲಿ ಸೋತರು. ಅಂಗಡಿಗೆ ಬರುವ ಹಾಲಿನ ಡೇರಿ ಕಾರ್ಯದರ್ಶಿ ಒಬ್ಬರಿದ್ದಾರೆ, ಪಕ್ಕಾ ಜೆಡಿಎಸ್. ವರ್ಷಗಟ್ಟಲೆ ಕಾಂಗ್ರೆಸ್‌ನವರನ್ನು ಬೈದುಕೊಂಡಿದ್ದವರು ಆ ಮೂರು ತಿಂಗಳು ಅವರ ಜೊತೆಯೇ ಒಂದೇ ಜೀಪಿನಲ್ಲಿ ಓಡಾಡಿದರು. "ಎಷ್ಟಾದ್ರೂ ಒಳ್ಳೆ ಜನ ಕಣ್ರೀ ಅವ್ರು" ಅಂದಿದ್ದರಂತೆ. 2023ರ ಸೆಪ್ಟೆಂಬರಿನಲ್ಲಿ ಜೆಡಿಎಸ್ ಹೋಗಿ ಬಿಜೆಪಿಯ ಮೈತ್ರಿಕೂಟ ಎನ್‌ಡಿಎ ಸೇರಿತು. 2024ರಲ್ಲಿ ಅದೇ ಕಾರ್ಯದರ್ಶಿ ಬಿಜೆಪಿಯ ಸೋಮಣ್ಣನವರ ಪರ ಮನೆ ಮನೆಗೆ ಹೋದರು. ಈಗ ಒಳ್ಳೆ ಜನ ಇವರು, ಮೋಸಗಾರರು ಅವರು. ಐದು ವರ್ಷದಲ್ಲಿ ಹೇಮಾವತಿ ನೀರಿನ ತಕರಾರು ಬದಲಾಗಲಿಲ್ಲ, ಅವರ ತೋಟ ಇದ್ದಲ್ಲೇ ಇತ್ತು, ಹಸುಗಳು ಅಷ್ಟೇ ಹಾಲು ಕೊಡುತ್ತಿದ್ದವು. ಬದಲಾಗಿದ್ದು ಗೆರೆ ಎಲ್ಲಿ ಎಳೆದಿದ್ದಾರೆ ಅನ್ನುವುದು ಒಂದೇ. ಗೆರೆ ಎಳೆದವರು ಬೆಂಗಳೂರು, ದೆಹಲಿಯಲ್ಲಿ ಕೂತವರು. ನಾನು ಕಾರ್ಯದರ್ಶಿಯನ್ನು ಹಂಗಿಸುತ್ತಿಲ್ಲ, ಅವರು ಸುಳ್ಳು ಹೇಳುತ್ತಿರಲಿಲ್ಲ. ಎರಡು ಸಲವೂ ನಿಜವಾಗಿ ಹಾಗೇ ಅನ್ನಿಸಿರುತ್ತದೆ. ಮೊದಲು ನಮ್ಮವರು ಯಾರು ಅಂತ ನಿಶ್ಚಯ ಆಗುತ್ತದೆ, ಕಾರಣಗಳು ಆಮೇಲೆ ತಾವಾಗಿಯೇ ಸಿಗುತ್ತವೆ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1960ರಲ್ಲಿ, ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಜಾರೇ ಅಂತ ಕೇಳಿದಾಗ ನೂರಕ್ಕೆ ಸುಮಾರು ಐದು ಜನ ಮಾತ್ರ ಹೌದು ಅಂದಿದ್ದರು. 2010ರಲ್ಲಿ ಕೇಳಿದರೆ ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧ ಜನ, ಡೆಮಾಕ್ರಟರಲ್ಲಿ ಮೂರರಲ್ಲಿ ಒಂದು ಪಾಲು ಬೇಜಾರು ಅಂದರು. ನಮ್ಮಲ್ಲಿ ಈ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ, ಮದುವೆ ವಿಷಯ ಪಕ್ಷದವರೆಗೆ ಬರುವುದೇ ಇಲ್ಲ, ಅದಕ್ಕಿಂತ ಮುಂಚೆ ಜಾತಿಯಲ್ಲೇ ನಿಂತುಹೋಗುತ್ತದೆ.

ಜಾತಿ ಅಂದಮೇಲೆ ಕಟಿಂಗ್ ಶಾಪಿನ ರಿವ್ಯೂನಲ್ಲಿ ಇದನ್ನು ಬಿಟ್ಟರೆ ತಪ್ಪಾಗುತ್ತದೆ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ಪರಿಶಿಷ್ಟ ಜಾತಿಯವರಿಗೆ ಕಟಿಂಗ್ ಮಾಡಿದ್ದಕ್ಕೆ ಒಬ್ಬ ಕ್ಷೌರಿಕರಿಗೆ ಊರಿನ ಕೆಲವರು 50 ಸಾವಿರ ದಂಡ ಹಾಕಿದರು, ಅವರ ಮನೆಗೆ ಬಹಿಷ್ಕಾರ ಹಾಕಿದರು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯಲ್ಲೇ ನಿಷೇಧ, ಆದರೂ. ಆ ಸುದ್ದಿಯಲ್ಲಿ ನನಗೆ ಕಂಡ ಒಂದು ವಿಷಯ ಇದು. ಅಸಹನೆ ಇರುವವರು ಎದುರಿನ ಗುಂಪಿನ ಮೇಲೆ ಸಿಟ್ಟು ಮಾಡುತ್ತಾರೆ, ಸರಿ. ಅದಕ್ಕಿಂತ ಜಾಸ್ತಿ ಸಿಟ್ಟು ಮಾಡುವುದು ನಡುವೆ ನಿಂತು ಇಬ್ಬರಿಗೂ ಬೇಕಾದವನ ಮೇಲೆ. ಗೆರೆ ದಾಟಿದವನಿಗೆ ದಂಡ ಹಾಕಿದರೆ ಉಳಿದವರೆಲ್ಲ ತಾವಾಗಿಯೇ ಗೆರೆಯೊಳಗೆ ಇರುತ್ತಾರೆ. ಮನಸ್ಸಿನಲ್ಲಿ ದ್ವೇಷ ಇಲ್ಲದವನೂ ಹೆದರಿ ದ್ವೇಷ ಇದ್ದವನ ಹಾಗೇ ನಡೆದುಕೊಳ್ಳುತ್ತಾನೆ, ನೋಡುವವರಿಗೆ ಊರಿಗೆ ಊರೇ ಹಾಗಿದೆ ಅನ್ನಿಸುತ್ತದೆ. ನಮ್ಮ ಅಣ್ಣ ಬೋರ್ಡು ಯಾಕೆ ಹಾಕಿದರು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ. "ನನಗೆ ಓಟಿಲ್ವಾ ಸಾರ್? ಇದೆ. ಆದ್ರೆ ಯಾರಿಗೆ ಅಂತ ಹೇಳಿದ ದಿನ ನನ್ನ ಅರ್ಧ ಗಿರಾಕಿ ಹೋದ್ರು. ಹೇಳ್ದೇ ಇದ್ರೆ ಎರಡೂ ಕಡೆಯವರು ಅನುಮಾನದಲ್ಲಿ ನೋಡ್ತಾರೆ. ಬೋರ್ಡ್ ಹಾಕಿದ್ರೆ ಕಾನೂನು ಅಂತ ಆಗುತ್ತೆ, ನನ್ನ ತಲೆ ಮೇಲೆ ಬರಲ್ಲ."

ಇನ್ನೊಂದು ದಿನ, ಅವರು ನನ್ನ ತಲೆಗೆ ಡೈ ಹಚ್ಚಿ ಅದು ಒಣಗುವವರೆಗೆ ಕೂರಿಸಿದ್ದರು (ಡೈ 150, ಚೆನ್ನಾಗಿ ಹಚ್ಚುತ್ತಾರೆ, ಹಣೆಗೆ ತಾಗಿಸುವುದಿಲ್ಲ). ಬೆಂಚು ಖಾಲಿ ಇತ್ತು, ಹಾಗಾಗಿ ಬೋರ್ಡು ಲೆಕ್ಕಕ್ಕಿಲ್ಲ. ನಾನು ಸ್ವಲ್ಪ ಜಂಬದಿಂದಲೇ, "ನಾನಂತೂ ಎಲ್ಲಾ ಪಕ್ಷದವರ ಮಾತೂ ಕೇಳ್ತೀನಿ ಅಣ್ಣ" ಅಂದೆ. ಆಗಲೇ ನನಗೆ ಓದಿದ್ದು ನೆನಪಾಗಿದ್ದು. 1954ರಲ್ಲಿ ಸ್ಯಾಮ್ಯುಯೆಲ್ ಸ್ಟೌಫರ್ ಅನ್ನುವವರು ಅಮೆರಿಕದಲ್ಲಿ ದೊಡ್ಡ ಸರ್ವೆ ಮಾಡಿದರು: ಕಮ್ಯುನಿಸ್ಟರು, ದೇವರಿಲ್ಲ ಅನ್ನುವವರು ನಿಮ್ಮ ಊರಲ್ಲಿ ಭಾಷಣ ಮಾಡಬಹುದಾ, ಪಾಠ ಹೇಳಬಹುದಾ? ತುಂಬ ಜನ ಬೇಡ ಅಂದರು. ಇಪ್ಪತ್ತು ವರ್ಷ ಬಿಟ್ಟು ಅದೇ ಪ್ರಶ್ನೆ ಕೇಳಿದರೆ ಹೌದು ಅನ್ನುವವರು ಜಾಸ್ತಿ ಆಗಿದ್ದರು. ಜನ ಸುಧಾರಿಸಿದರು ಅಂತ ಎಲ್ಲರೂ ಖುಷಿಪಟ್ಟರು. ಆಗ ಜಾನ್ ಸಲಿವನ್ ಮತ್ತು ಅವರ ಜೊತೆಗಾರರು ಪ್ರಶ್ನೆಯನ್ನೇ ತಿರುಗಿಸಿದರು. ಮೊದಲು ನಿಮಗೆ ಯಾರನ್ನು ಕಂಡರೆ ಎಲ್ಲಕ್ಕಿಂತ ಜಾಸ್ತಿ ಆಗುವುದಿಲ್ಲ, ಅವರ ಹೆಸರು ಹೇಳಿ. ಈಗ ಅವರು ನಿಮ್ಮ ಊರಲ್ಲಿ ಸಭೆ ಮಾಡಬಹುದಾ? ಅಲ್ಲಿಗೆ ಸುಧಾರಣೆ ಬಹುಪಾಲು ಕರಗಿತು. ಜನಕ್ಕೆ ಕಮ್ಯುನಿಸ್ಟರ ಮೇಲಿನ ಸಿಟ್ಟು ಇಳಿದಿತ್ತು, ಸಿಟ್ಟಿಗೆ ಬೇರೆಯವರು ಸಿಕ್ಕಿದ್ದರು, ಅಷ್ಟೇ.

ಇದನ್ನು ಅಣ್ಣನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವರು ಬ್ರಷ್ ಕೆಳಗಿಟ್ಟು, "ಸರಿ, ನಿಮಗೆ ಯಾರು ಕಂಡ್ರೆ ಆಗಲ್ಲ?" ಅಂದರು. ನನ್ನ ತಲೆಗೆ ಒಂದು ಹೆಸರು ತಕ್ಷಣ ಬಂತು. "ಅವರು ಇಲ್ಲಿ ಮೈದಾನದಲ್ಲಿ ಮೈಕ್ ಕಟ್ಟಿದ್ರೆ?" ಪರ್ಮಿಷನ್ ಕೊಡಬಾರದು ಅನ್ನುವುದು ನಾಲಿಗೆಯವರೆಗೆ ಬಂದಿತ್ತು. ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡಿದೆ, ಕೂದಲಿಗೆಲ್ಲ ಕಪ್ಪು ಮೆತ್ತಿಕೊಂಡು ಕೂತಿದ್ದೆ. ಏನೂ ಹೇಳಲಿಲ್ಲ.

ಯಾಕೆ ಆ ಹೆಸರು ಬಂತು ಅಂತ ಆಮೇಲೆ ಯೋಚನೆ ಮಾಡಿದರೆ, ಅವರ ಸಿದ್ಧಾಂತ ನನಗೆ ಇಷ್ಟವಿಲ್ಲ ಅನ್ನುವುದಕ್ಕಿಂತ, ಅವರು ಬಂದರೆ ನನ್ನ ಬದುಕಿನಲ್ಲಿ ಏನೋ ಕಿತ್ತುಕೊಳ್ಳುತ್ತಾರೆ ಅನ್ನುವ ಭಯವೇ ದೊಡ್ಡದು. ಈ ವಿಷಯದ ಮೇಲೆ ಆಗಿರುವ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಬರುವುದು ಇದೇ: ಎದುರಿನವರಿಂದ ಅಪಾಯ ಇದೆ ಅಂತ ಅನ್ನಿಸಿದಷ್ಟೂ ಅವರ ಬಾಯಿ ಮುಚ್ಚಿಸಬೇಕು ಅನ್ನಿಸುತ್ತದೆ. ಅಪಾಯ ನಿಜವಾಗಿ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಅಣ್ಣ ಇದನ್ನು ಒಂದೇ ಸಾಲಿನಲ್ಲಿ ಹೇಳಿದರು, "ಸೋತೋರು ಅಷ್ಟು ಕೂಗಲ್ಲ ಸಾರ್, ಹೆದರಿರೋರು ಕೂಗ್ತಾರೆ." ಆವತ್ತಿನ ಇಬ್ಬರನ್ನೇ ತೆಗೆದುಕೊಳ್ಳಿ. ಮೇಷ್ಟ್ರ ಮಗ ಇಂಜಿನಿಯರಿಂಗ್ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ. ಯಜಮಾನರ ಮಂಡಿಯಲ್ಲಿ ಕೊಬ್ಬರಿ ರೇಟು ಬಿದ್ದು ಹೋಗಿತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ, ಮಾರುಕಟ್ಟೆ ಅದಕ್ಕಿಂತ ತುಂಬ ಕೆಳಗೆ ಓಡುತ್ತಿತ್ತು. ಇಬ್ಬರಿಗೂ ರಾತ್ರಿ ನಿದ್ದೆ ಇರಲಿಲ್ಲ. ಆ ನಿದ್ದೆಗೆಟ್ಟ ಸಿಟ್ಟಿಗೆ ಒಂದು ಮುಖ ಬೇಕಿತ್ತು, ಕನ್ನಡಿಯಲ್ಲಿ ಸಿಕ್ಕಿತು.

ಇದರ ಜೊತೆ ಬೆಂಚು. ಬೆಂಚಿನ ಮೇಲೆ ಆವತ್ತು ಆರು ಜನ ಕೂತಿದ್ದರು. ಇಬ್ಬರೇ ಇದ್ದಿದ್ದರೆ ಮೇಷ್ಟ್ರು "ಹೋಗ್ಲಿ ಬಿಡಿ" ಅನ್ನುತ್ತಿದ್ದರು ಅಂತ ಅಣ್ಣನಿಗೆ ಖಾತ್ರಿ. ಆರು ಜನ ನೋಡುತ್ತಿರುವಾಗ ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ, ಅಲ್ವಾ? ಆಗ ಮಾತು ಎದುರಿನವರಿಗೆ ಅಲ್ಲ, ಬೆಂಚಿಗೆ.

ಕೆಲವು ಸಲ ಈ ಬೆಂಚಿಗೆ ಬೇರೆ ಥರದ ಸುದ್ದಿ ಬರುತ್ತದೆ. 2015ರ ಆಗಸ್ಟ್ 30ಕ್ಕೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲಿ ಕೊಂದಾಗ, 2017ರ ಸೆಪ್ಟೆಂಬರ್ 5ಕ್ಕೆ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದಾಗ, 2022ರ ಜುಲೈ 26ಕ್ಕೆ ಬೆಳ್ಳಾರೆಯಲ್ಲಿ ಬಿಜೆಪಿ ಯುವ ಮೋರ್ಚಾದ ಪ್ರವೀಣ್ ನೆಟ್ಟಾರು ಅವರನ್ನು ಕೊಂದಾಗ, ಅಣ್ಣ ಹೇಳುವ ಪ್ರಕಾರ ಪ್ರತಿ ಸಲವೂ ಬೆಂಚು ಒಂದು ನಿಮಿಷ ಮೌನವಾಗಿರುತ್ತಿತ್ತು, ಆಮೇಲೆ ಯಾರಾದರೂ ಒಬ್ಬರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಯಾವ ಕಡೆಯವರು?" ಉತ್ತರ ಸಿಕ್ಕಮೇಲೆ ಅಯ್ಯೋ ಅನ್ನಬೇಕೋ ಬೇಡವೋ ಅಂತ ತೀರ್ಮಾನ. ಇದನ್ನು ಹೇಳುವಾಗ ಅವರು ನಗಲಿಲ್ಲ.

ಹಾಗಾದರೆ ಬೋರ್ಡಿಗೆ ಯಾಕೆ ಸ್ಟಾರ್ ಕಟ್ ಮಾಡಿದೆ ಅಂತ ಕೇಳಬಹುದು. ಬೋರ್ಡು ಹಾಕಿದ ಮೇಲೆ ಜಗಳ ಆಗಿಲ್ಲ, ನಿಜ. ಟಿವಿಯನ್ನೂ ತೆಗೆದರು. ಈಗ ಬೆಂಚಿನ ಮೇಲೆ ಆರು ಜನ ಕೂತರೆ ಆರು ಫೋನು. ಒಂದು ಗಂಟೆ ಕಾಯುವಾಗ ಒಬ್ಬೊಬ್ಬರೂ ತಮ್ಮ ತಮ್ಮ ಗ್ರೂಪಿನ ಮೆಸೇಜು ಓದುತ್ತಾರೆ. ಅಲ್ಲಿ ಎಲ್ಲರೂ ನಮ್ಮೋರೇ, "ಅಲ್ಲಪ್ಪ, ಹಾಗಲ್ಲ ಅದು" ಅನ್ನಲು ಎದುರಿಗೆ ಯಾರೂ ಇಲ್ಲ, ಕತ್ತರಿ ಎತ್ತಿ ಹಿಡಿದು "ಸಾಕು ಬಿಡಿ ಯಜಮಾನ್ರೇ" ಅನ್ನುವ ಅಣ್ಣನೂ ಇಲ್ಲ. ಜಗಳ ನಿಂತಿಲ್ಲ, ಜಾಗ ಬದಲಾಯಿಸಿದೆ. ಅದೂ ಕೆಟ್ಟ ಜಾಗಕ್ಕೆ.

ಇನ್ನು ಬೋರ್ಡು ಎಲ್ಲಿಂದ ಎಲ್ಲಿವರೆಗೆ ಅನ್ನುವುದೂ ಒಂದು ಗೋಳು. ಒಬ್ಬ ರೈತರು ಬಂದು, "ಅಣ್ಣ, ಕೊಬ್ಬರಿ ರೇಟು ರಾಜಕೀಯನಾ?" ಅಂತ ಕೇಳಿದರು. ಅಣ್ಣ ಕೈ ನಿಲ್ಲಿಸಿ ಯೋಚನೆ ಮಾಡಿ ತೀರ್ಪು ಕೊಟ್ಟರು: "ರೇಟು ಎಷ್ಟು ಅಂತ ಹೇಳಬಹುದು. ಯಾಕೆ ಇಳೀತು ಅಂತ ಹೇಳೋ ಹಾಗಿಲ್ಲ."

ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಜನರನ್ನು ಒಂದು ಮಾಡಬಹುದಾದ ಮಾತು ಅದೇ ಆಗಿತ್ತು. 1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಮುಜಫರ್ ಷರೀಫ್ ಅನ್ನುವವರು 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆದುಕೊಂಡು ಹೋಗಿ ಎರಡು ಗುಂಪು ಮಾಡಿ ಆಟದ ಪಂದ್ಯ ಇಟ್ಟರು. ಕೆಲವೇ ದಿನದಲ್ಲಿ ಬಾವುಟ ಸುಟ್ಟರು, ಒಬ್ಬರ ರೂಮಿಗೆ ಒಬ್ಬರು ನುಗ್ಗಿದರು. ಒಟ್ಟಿಗೆ ಕೂರಿಸಿ ಊಟ ಹಾಕಿದರೆ ಊಟವನ್ನೇ ಎಸೆದಾಡಿದರು. ಕೊನೆಗೆ ಕೆಲಸ ಮಾಡಿದ್ದು ಏನು? ಶಿಬಿರಕ್ಕೆ ಬರುವ ನೀರು ನಿಂತಿತು (ನಿಲ್ಲಿಸಿದವರು ಷರೀಫರೇ ಅನ್ನಿ), ಎಲ್ಲರೂ ಸೇರಿ ಟ್ಯಾಂಕು, ಪೈಪು ಹುಡುಕಬೇಕಾಯಿತು. ಊಟ ತರುವ ಲಾರಿ ಕೆಟ್ಟಿತು, ಎಲ್ಲರೂ ಒಂದೇ ಹಗ್ಗ ಹಿಡಿದು ಎಳೆಯಬೇಕಾಯಿತು. ಇಂಥ ಕೆಲಸ ಒಂದಲ್ಲ, ನಾಲ್ಕಾರು ಆದಮೇಲೆ ಹುಡುಗರು ಒಂದೇ ಬಸ್ಸಿನಲ್ಲಿ ಊರಿಗೆ ಹೋಗುತ್ತೇವೆ ಅಂದರು. ತಿಪಟೂರಿನ ನೀರಿನ ಟ್ಯಾಂಕು ಕೊಬ್ಬರಿ. ಅದರ ರೇಟು ಬಿದ್ದಾಗ ಕಾಂಗ್ರೆಸ್ ತೋಟ, ಬಿಜೆಪಿ ತೋಟ ಅಂತ ನೋಡಿ ಬೀಳುವುದಿಲ್ಲ. ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಫೆಡ್ ಸಂಸ್ಥೆಯ ಖರೀದಿಗೆ ಹೆಸರು ಬರೆಸಲು ಕ್ಯೂ ನಿಂತಾಗ ಎಲ್ಲರ ಕಾಲೂ ಒಂದೇ ಥರ ನೋಯುತ್ತದೆ. ಆ ಮಾತು ಈ ಬೆಂಚಿನ ಮೇಲೆ ನಡೆಯದೆ ಇನ್ನೆಲ್ಲಿ ನಡೆಯಬೇಕು?

ಅದೂ ಇಂಥ ಜಾಗ ಸುಲಭಕ್ಕೆ ಸಿಗುವುದಿಲ್ಲ. ಬೇರೆ ಬೇರೆ ಗುಂಪಿನವರು ಸುಮ್ನೆ ಭೇಟಿಯಾದರೆ ಸಾಲದು, ಅಲ್ಲಿ ಯಾರೂ ಮೇಲಲ್ಲ ಯಾರೂ ಕೆಳಗಲ್ಲ ಅನ್ನುವ ಹಾಗಿರಬೇಕು, ಒಂದೇ ಕೆಲಸಕ್ಕೆ ಕೈ ಸೇರಬೇಕು, ದೊಡ್ಡವರು ಅನ್ನಿಸಿಕೊಂಡವರ ಬೆಂಬಲ ಇರಬೇಕು ಅಂತ ಗಾರ್ಡನ್ ಆಲ್‌ಪೋರ್ಟ್ ಅನ್ನುವವರು 1954ರಷ್ಟು ಹಿಂದೆಯೇ ಹೇಳಿದ್ದರು. ಈ ಅಂಗಡಿಯಲ್ಲಿ ಒಂದೇ ಕೆಲಸ ಅನ್ನುವುದು ಇಲ್ಲ, ಉಳಿದದ್ದು ಮುಕ್ಕಾಲು ಇದೆ. ಬಿಳಿ ಬಟ್ಟೆ ಹೊದಿಸಿ ಕುತ್ತಿಗೆ ಹಿಂದೆ ಗಂಟು ಹಾಕಿದ ಮೇಲೆ ಎಕರೆಗಟ್ಟಲೆ ತೋಟ ಇದ್ದವರೂ ಒಂದೇ, ಗಾರೆ ಕೆಲಸದವರೂ ಒಂದೇ, ಒದ್ದೆ ತಲೆಯಲ್ಲಿ ಎಲ್ಲರೂ ಒಂದೇ ಥರ ಪೆಚ್ಚಾಗಿ ಕಾಣುತ್ತಾರೆ. ಬ್ಲೇಡು ಹಿಡಿದವರ ಮಾತು ನಡೆಯುತ್ತದೆ. ಇಂಥ ಜಾಗಕ್ಕೆ ಬಾಯಿ ಕಟ್ಟಿ ಕೂರಿಸಿದ್ದಾರೆ.

ಇದನ್ನೆಲ್ಲ ಅಣ್ಣನ ಮುಂದೆ ಒದರಿದೆ. ಬೋರ್ಡು ತೆಗೆಯಿರಿ, ಅದರ ಬದಲು "ನಿಮ್ಮಂಥವರು ಅನ್ನಬಾರದು" ಅಂತ ಹಾಕಿ ಅಂದೆ. ಕೇಳಿಸಿಕೊಂಡರು. "ಒಳ್ಳೇದೇ ಸಾರ್. ಆದ್ರೆ ಕುರ್ಚಿ ಮುರಿದ್ರೆ ನೀವು ಕೊಡಿಸ್ತೀರಾ?" ಅಂದರು. ಒಂದು ಕುರ್ಚಿ 18 ಸಾವಿರವಂತೆ. ನಾನು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಹೋಗುವವನು, ಸಲಹೆ ಕೊಡುವುದಕ್ಕೆ ಖರ್ಚಿಲ್ಲ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಹಾಗಾಗಿ ಒಂದೇ ಸ್ಟಾರ್ ಕಟ್ ಮಾಡಿದ್ದೇನೆ, ಎರಡು ಮಾಡಬೇಕು ಅಂತ ಹೊರಟಿದ್ದೆ.

ಉಳಿದ ವಿವರ. ಬೆಳಿಗ್ಗೆ ಏಳಕ್ಕೆ ತೆಗೆಯುತ್ತಾರೆ, ರಾತ್ರಿ ಎಂಟೂವರೆವರೆಗೆ. ಫೋನ್‌ಪೇ ಇದೆ, ಚಿಲ್ಲರೆ ಇದ್ದರೆ ಖುಷಿಪಡುತ್ತಾರೆ. ಬೈಕ್ ನಿಲ್ಲಿಸಲು ಜಾಗ ಇದೆ, ಕಾರಿಗೆ ಇಲ್ಲ. ಮಕ್ಕಳಿಗೆ ಕುರ್ಚಿಯ ಕೈ ಮೇಲೆ ಹಲಗೆ ಹಾಕಿ ಕೂರಿಸುತ್ತಾರೆ, ತಾಳ್ಮೆ ಜಾಸ್ತಿ. ಎರಡನೇ ಕುರ್ಚಿಯ ಹುಡುಗ ಪರವಾಗಿಲ್ಲ, ಆದರೆ ಅವನಿಗೆ ಮಿಷನ್ ಮೇಲೆ ಪ್ರೀತಿ, ಕತ್ತರಿ ಬೇಕು ಅಂತ ಬಾಯಿಬಿಟ್ಟು ಹೇಳಿ. ಮೇಷ್ಟ್ರು ಭಾನುವಾರ ಬೆಳಿಗ್ಗೆ ಬರುತ್ತಾರೆ, ಯಜಮಾನರು ಬುಧವಾರ ಸಂಜೆ. ಇಬ್ಬರೂ ಬರುವುದನ್ನು ಬಿಟ್ಟಿಲ್ಲ, ಒಟ್ಟಿಗೆ ಬರುವುದನ್ನು ಬಿಟ್ಟಿದ್ದಾರೆ. ಹೋದ ತಿಂಗಳು ಮೇಷ್ಟ್ರು ಏಳುವಾಗ, "ಅವ್ರ ಬಿಪಿ ಹೆಂಗಿದೆಯಂತೆ?" ಅಂತ ಕೇಳಿದರು. ಯಾರ ಬಿಪಿ ಅಂತ ಅಣ್ಣ ಕೇಳಲಿಲ್ಲ.

ಮಂಗಳವಾರ ರಜೆ. ಈ ರಜೆ ಬಗ್ಗೆ ಅಣ್ಣನದು ಒಂದು ಲೆಕ್ಕ ಇದೆ. 2018ರ ವಿಧಾನಸಭೆ ಎಣಿಕೆ ಮೇ 15, ಮಂಗಳವಾರ. 2024ರ ಲೋಕಸಭೆ ಎಣಿಕೆ ಜೂನ್ 4, ಅದೂ ಮಂಗಳವಾರ. ಎರಡು ಸಲವೂ ಬಾಗಿಲು ಹಾಕಿತ್ತು, ಎರಡು ಸಲವೂ ಯಾರೂ ಅರ್ಧ ತಲೆಯಲ್ಲಿ ಎದ್ದು ಹೋಗಲಿಲ್ಲ. "ಎಲೆಕ್ಷನ್ ಕಮಿಷನ್‌ನವರಿಗೆ ಒಂದು ಅರ್ಜಿ ಬರ್ಕೊಡಿ ಸಾರ್," ಅಂದರು, ನನ್ನ ಕತ್ತಿನ ಪೌಡರ್ ಕೊಡವುತ್ತಾ. "ಎಣಿಕೆನೆಲ್ಲ ಮಂಗಳವಾರಕ್ಕೇ ಇಡ್ಲಿ. ನಾಳೆನೇ ಬೋರ್ಡ್ ಇಳಿಸ್ತೀನಿ."